ಓಡುವ ಮಗಳ ತಟ್ಟೆಯಲ್ಲಿ ಎಷ್ಟು ಅನ್ನವಿದೆ?



1984ರ ಆಗಸ್ಟ್ 8. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಒಲಿಂಪಿಕ್ಸ್ ನಡೆಯುತ್ತಿತ್ತು. ಮಹಿಳೆಯರ 400 ಮೀಟರ್ ಹರ್ಡಲ್ಸ್ ಓಟದ ಫೈನಲ್. ಕಲ್ಲಿಕೋಟೆ ಜಿಲ್ಲೆಯ ಪಯ್ಯೋಳಿಯಿಂದ ಹೋದ ಇಪ್ಪತ್ತು ವರ್ಷದ ಹುಡುಗಿ ಪಿ.ಟಿ. ಉಷಾ 55.42 ಸೆಕೆಂಡಿನಲ್ಲಿ ಗುರಿ ಮುಟ್ಟಿದರು. ರುಮೇನಿಯಾದ ಓಟಗಾರ್ತಿ 55.41 ಸೆಕೆಂಡಿನಲ್ಲಿ ಮುಟ್ಟಿದ್ದರು. ಸೆಕೆಂಡಿನ ನೂರನೇ ಒಂದು ಪಾಲಿನಲ್ಲಿ ಕಂಚಿನ ಪದಕ ಕೈತಪ್ಪಿ ಹೋಯಿತು. ಆ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿ ಕಣ್ಣೀರು ಹಾಕಿದ ಹಿರಿಯರು ನಮ್ಮ ಮನೆಗಳಲ್ಲಿ ಇಂದಿಗೂ ಇದ್ದಾರೆ.

ಬಹಳ ವರ್ಷಗಳ ನಂತರ ಉಷಾ ಅವರೇ ಒಂದು ವಿಷಯವನ್ನು ಹೇಳಿಕೊಂಡರು. ಅಲ್ಲಿಯ ಊಟ ಅವರಿಗೆ ಒಗ್ಗಲಿಲ್ಲ. ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ಹೇಳುವವರೂ ಜೊತೆಯಲ್ಲಿರಲಿಲ್ಲ. ಗಂಜಿ ಮತ್ತು ಮಾವಿನ ಉಪ್ಪಿನಕಾಯಿಯೇ ಅವರಿಗೆ ಆಧಾರವಾಯಿತು. ಕೊನೆಯ 35 ಮೀಟರಿನಲ್ಲಿ ಶಕ್ತಿ ಸಾಲದೆ ಹೋದದ್ದಕ್ಕೆ ಆ ಊಟವೂ ಕಾರಣ ಎಂಬುದು ಅವರ ಅಭಿಪ್ರಾಯ.

ಗಂಜಿ ಉಪ್ಪಿನಕಾಯಿಯ ಊಟ ನಮಗಾರಿಗೂ ಹೊಸದಲ್ಲ. ಅದನ್ನು ಉಂಡೇ ನಾವೆಲ್ಲ ಬೆಳೆದವರು. ಅದನ್ನು ಕೀಳಾಗಿ ಕಾಣಲು ಈ ಮಾತು ಹೇಳುತ್ತಿಲ್ಲ. ಆದರೆ ದಿನಕ್ಕೆ ಮೂರು ನಾಲ್ಕು ಗಂಟೆ ಬೆವರು ಸುರಿಸುವ ಹುಡುಗಿಯ ಶರೀರಕ್ಕೆ ಅಷ್ಟು ಸಾಕೇ? ಸಾಲದಿದ್ದರೆ ಕಳೆದುಕೊಳ್ಳುವುದು ಪದಕ ಮಾತ್ರವೇ? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವ ಸಂದರ್ಭ ನನಗೆ ಇತ್ತೀಚೆಗೆ ಒದಗಿ ಬಂತು.

ಒಂದು ಮನೆಯ ಕಥೆ

ಕಾಸರಗೋಡು ಸೀಮೆಯ ಒಂದು ಕುಟುಂಬ. ಮಗಳಿಗೆ ಹದಿನಾರು ವರ್ಷ, ಪ್ಲಸ್ ವನ್ ವಿದ್ಯಾರ್ಥಿನಿ. 800 ಮತ್ತು 1500 ಮೀಟರ್ ಓಟದಲ್ಲಿ ಶಾಲೆಗೆ ಹೆಸರು ತಂದವಳು. (ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.) ಬೆಳಿಗ್ಗೆ ಐದೂವರೆಗೆ ಎದ್ದು ಒಂದು ಲೋಟ ಚಹಾ, ಎರಡು ಬಿಸ್ಕತ್ತು ತಿಂದು ಮೈದಾನಕ್ಕೆ ಓಡುತ್ತಿದ್ದಳು. ಅಲ್ಲಿಂದ ನೇರವಾಗಿ ತರಗತಿಗೆ. ಮಧ್ಯಾಹ್ನ ಬುತ್ತಿಯಲ್ಲಿ ಅರ್ಧ ಅನ್ನ ಉಳಿಯುತ್ತಿತ್ತು. ಸಂಜೆ ಮತ್ತೆ ಅಭ್ಯಾಸ. "ಎರಡು ಕಿಲೋ ಇಳಿದರೆ ಎರಡು ಸೆಕೆಂಡ್ ಇಳಿಯುತ್ತದೆ" ಎಂದು ಯಾರೋ ಹೇಳಿದ ಮಾತು ಮನಸ್ಸಿನಲ್ಲಿ ನಾಟಿತ್ತು. ರಾತ್ರಿಯ ಅನ್ನವನ್ನೂ ಬಿಟ್ಟಳು.

ಮೊದಲು ಸಮಯ ನಿಜವಾಗಿಯೂ ಇಳಿಯಿತು. ಮನೆಯಲ್ಲಿ ಸಂತೋಷ, ಶಾಲೆಯಲ್ಲಿ ಅಭಿನಂದನೆ. ನಾಲ್ಕೈದು ತಿಂಗಳಲ್ಲಿ ಮೊಣಕಾಲಿನ ಕೆಳಗೆ, ಮುಂಗಾಲಿನ ಮೂಳೆಯಲ್ಲಿ ನೋವು ಶುರುವಾಯಿತು. ಮುಲಾಮು ಹಚ್ಚಿ, ಬಟ್ಟೆ ಕಟ್ಟಿ ಓಡಿದಳು. ಕೊನೆಗೆ ಒಂದು ದಿನ ಮೈದಾನದಲ್ಲೇ ಕುಳಿತುಬಿಟ್ಟಳು. ಪರೀಕ್ಷಿಸಿದಾಗ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡುಬಂತು. ವೈದ್ಯರು ಇದನ್ನು ಸ್ಟ್ರೆಸ್ ಫ್ರಾಕ್ಚರ್ ಎನ್ನುತ್ತಾರೆ. ಬಿದ್ದು ಮುರಿದ ಮೂಳೆಯಲ್ಲ ಇದು. ಮೇಲಿಂದ ಮೇಲೆ ಬೀಳುವ ಭಾರ ತಾಳಲಾರದೆ ಬಿರಿದ ಮೂಳೆ.

ಆಗ ವೈದ್ಯೆ ಕೇಳಿದ ಪ್ರಶ್ನೆ ತಾಯಿಗೆ ವಿಚಿತ್ರವಾಗಿ ಕಂಡಿತು: "ಮುಟ್ಟು ಸರಿಯಾಗಿ ಆಗುತ್ತಿದೆಯಾ?"

ಮಗಳು ತಲೆ ತಗ್ಗಿಸಿದಳು. ಏಳು ತಿಂಗಳಿಂದ ಆಗಿರಲಿಲ್ಲ. ತಾಯಿಗೆ ಗೊತ್ತೇ ಇರಲಿಲ್ಲ. "ಚೆನ್ನಾಗಿ ಪ್ರಾಕ್ಟೀಸ್ ಮಾಡುವವರಿಗೆ ಹಾಗೇ ಅಂತ ಸೀನಿಯರ್ ಅಕ್ಕಂದಿರು ಹೇಳಿದ್ರು ಅಮ್ಮ. ಮೀಟ್ ಇರುವಾಗ ತೊಂದರೆ ಇಲ್ಲವಲ್ಲ, ಒಳ್ಳೆಯದೇ ಆಯಿತು ಅಂತ ಸುಮ್ಮನಿದ್ದೆ" ಎಂದಳು.

ಆ ತಾಯಿ ಈ ವಿಷಯವನ್ನು ಹೇಳಿಕೊಂಡದ್ದು ಕಾನ್ವೆಂಟಿನಲ್ಲಿ ನರ್ಸ್ ಆಗಿರುವ ಸಿಸ್ಟರ್ ಒಬ್ಬರಲ್ಲಿ. ಸಿಸ್ಟರ್ ನನ್ನ ಬಳಿ ಬಂದು, "ಫಾದರ್, ಇದರ ಬಗ್ಗೆ ನೀವೇ ಬರೆಯಬೇಕು" ಎಂದರು. ನನಗೆ ಸಂಕೋಚವಾಯಿತು. "ಇಂಥ ವಿಷಯ ನೀವು ಬರೆದರೆ ಚೆನ್ನಲ್ಲವೇ ಸಿಸ್ಟರ್?" ಎಂದೆ. "ನಾನು ಹೇಳಿದರೆ ಹೆಂಗಸರು ಮಾತ್ರ ಕೇಳುತ್ತಾರೆ ಫಾದರ್. ನೀವು ಬರೆದರೆ ಅಪ್ಪಂದಿರೂ ಓದುತ್ತಾರೆ. ಮಗಳನ್ನು ಮೈದಾನಕ್ಕೆ ಕರೆದುಕೊಂಡು ಹೋಗುವವರು ಅವರೇ ಅಲ್ಲವೇ?" ಎಂದು ಅವರು ನನ್ನ ಬಾಯಿ ಮುಚ್ಚಿಸಿದರು. ಆದುದರಿಂದ ತಂದೆಯರೇ, ದಯವಿಟ್ಟು ಪುಟ ತಿರುಗಿಸಬೇಡಿ.

ಮೂರು ಕೊಂಡಿಗಳ ಸರಪಳಿ

ಆ ಹುಡುಗಿಗೆ ಬಂದ ತೊಂದರೆಗೆ ವೈದ್ಯಶಾಸ್ತ್ರದಲ್ಲಿ ಹೆಸರಿದೆ. 1992ರಲ್ಲಿ ಅಮೆರಿಕದ ಕ್ರೀಡಾ ವೈದ್ಯರು ಒಟ್ಟು ಸೇರಿ ಚರ್ಚಿಸಿದಾಗ, ಕ್ರೀಡೆಯಲ್ಲಿ ತೊಡಗಿರುವ ಹೆಣ್ಣುಮಕ್ಕಳಲ್ಲಿ ಮೂರು ತೊಂದರೆಗಳು ಜೊತೆಜೊತೆಯಾಗಿ ಬರುತ್ತವೆ ಎಂಬುದನ್ನು ಗುರುತಿಸಿದರು. ಒಂದು, ಆಹಾರದ ಕೊರತೆ. ಎರಡು, ಮುಟ್ಟು ನಿಲ್ಲುವುದು. ಮೂರು, ಮೂಳೆ ಸವೆಯುವುದು. ಇದಕ್ಕೆ 'ಫೀಮೇಲ್ ಅಥ್ಲೀಟ್ ಟ್ರಯಾಡ್' ಎಂದು ಹೆಸರಾಯಿತು. ಕ್ರೀಡಾಪಟು ಮಹಿಳೆಯರ ತ್ರಿವಳಿ ತೊಂದರೆ ಎನ್ನಬಹುದು.

ಮುಂದೆ ಅಧ್ಯಯನಗಳು ಬೆಳೆದಂತೆ, ಇದು ಮೂರಕ್ಕೆ ನಿಲ್ಲುವುದಿಲ್ಲ ಎಂದು ತಿಳಿಯಿತು. ಹೃದಯ, ರೋಗನಿರೋಧಕ ಶಕ್ತಿ, ಜೀರ್ಣಕ್ರಿಯೆ, ನಿದ್ದೆ, ಮನಸ್ಸಿನ ಸ್ಥಿತಿ ಎಲ್ಲದರ ಮೇಲೂ ಪರಿಣಾಮ ಆಗುತ್ತದೆ. ಗಂಡುಮಕ್ಕಳಿಗೂ ಇದು ತಪ್ಪಿದ್ದಲ್ಲ. ಆದುದರಿಂದ 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಇದಕ್ಕೆ ಇನ್ನಷ್ಟು ವಿಶಾಲವಾದ ಹೆಸರನ್ನು ಕೊಟ್ಟರು. ಅದನ್ನು ಚಿಕ್ಕದಾಗಿ 'ರೆಡ್-ಎಸ್' ಎನ್ನುತ್ತಾರೆ. ಕ್ರೀಡೆಯಲ್ಲಿ ಉಂಟಾಗುವ ಶಕ್ತಿಯ ಕೊರತೆ ಎಂಬುದು ಅದರ ಸಾರ. 2018 ಮತ್ತು 2023ರಲ್ಲಿ ಆ ತಿಳಿವಳಿಕೆಯನ್ನು ಮತ್ತೆ ಪರಿಷ್ಕರಿಸಲಾಯಿತು.

ಹೆಸರು ಏನೇ ಇರಲಿ, ಬೇರು ಒಂದೇ. ಮಾಡುವ ಕೆಲಸಕ್ಕೆ ತಕ್ಕ ಊಟ ಇಲ್ಲದಿರುವುದು.

ಲೆಕ್ಕ ಬಹಳ ಸರಳ

ನಮ್ಮ ಮನೆಯ ತಿಂಗಳ ಖರ್ಚನ್ನು ನೆನಪಿಸಿಕೊಳ್ಳಿ. ಬರುವ ಸಂಬಳದಲ್ಲಿ ಸಾಲದ ಕಂತು ಮೊದಲು ಕಡಿತವಾಗುತ್ತದೆ. ಉಳಿದದ್ದರಲ್ಲಿ ಅಕ್ಕಿ, ಬೇಳೆ, ಮಕ್ಕಳ ಫೀಸು, ಮದ್ದು. ಕಂತು ದೊಡ್ಡದಾಗಿ ಸಂಬಳ ಅಷ್ಟೇ ಇದ್ದರೆ ಏನು ಮಾಡುತ್ತೇವೆ? ಮೊದಲು ಮನೆಗೆ ಸುಣ್ಣ ಬಳಿಯುವುದನ್ನು ಮುಂದೂಡುತ್ತೇವೆ. ಆಮೇಲೆ ಮಾಡಿನ ಹಂಚು ಬದಲಿಸುವುದನ್ನು. ಮನೆ ನಿಂತೇ ಇರುತ್ತದೆ, ಆದರೆ ಒಳಗಿನಿಂದ ಸೋರಲು ತೊಡಗುತ್ತದೆ.

ಶರೀರವೂ ಹಾಗೆಯೇ. ತಿಂದ ಆಹಾರದ ಶಕ್ತಿಯಿಂದ ವ್ಯಾಯಾಮಕ್ಕೆ ಖರ್ಚಾದದ್ದು ಮೊದಲು ಕಡಿತವಾಗುತ್ತದೆ. ಹೃದಯ, ಮಿದುಳು, ಬೆಳವಣಿಗೆ, ಮೂಳೆ, ಮುಟ್ಟು ಇವೆಲ್ಲ ನಡೆಯಬೇಕಾದದ್ದು ಉಳಿದದ್ದರಲ್ಲಿ. ಇದನ್ನು ಅಳೆಯಲು ತಜ್ಞರು ಒಂದು ಲೆಕ್ಕ ಮಾಡಿದ್ದಾರೆ. ದೇಹದ ತೂಕದಲ್ಲಿ ಕೊಬ್ಬನ್ನು ಕಳೆದು ಉಳಿದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 45 ಕ್ಯಾಲೊರಿ ಉಳಿದರೆ ಶರೀರ ನೆಮ್ಮದಿಯಿಂದ ಇರುತ್ತದೆ. 30ಕ್ಕಿಂತ ಕೆಳಗಿಳಿದರೆ ಅಪಾಯ. ಇದು ಎಲ್ಲರಿಗೂ ಒಂದೇ ರೀತಿ ಅನ್ವಯಿಸುವ ಗೆರೆಯಲ್ಲ, ಒಂದು ಅಂದಾಜು ಮಾತ್ರ.

ಒಂದು ಉದಾಹರಣೆ. 45 ಕಿಲೋ ತೂಕದ ಹುಡುಗಿ ಎಂದಿಟ್ಟುಕೊಳ್ಳಿ. ಕೊಬ್ಬು ಕಳೆದರೆ 36 ಕಿಲೋ. ಅವಳು ದಿನಕ್ಕೆ 1500 ಕ್ಯಾಲೊರಿಯಷ್ಟು ತಿಂದು, ಅಭ್ಯಾಸದಲ್ಲಿ 600 ಖರ್ಚು ಮಾಡಿದರೆ ಉಳಿಯುವುದು 900. ಅಂದರೆ ಕಿಲೋಗೆ 25 ಮಾತ್ರ. ನೆಮ್ಮದಿಯ ಮಟ್ಟಕ್ಕೆ ಬೇಕಾದದ್ದು 1620. ಅದಕ್ಕೆ ಓಟದ 600 ಸೇರಿಸಿದರೆ ಅವಳು ದಿನಕ್ಕೆ 2200ಕ್ಕಿಂತ ಹೆಚ್ಚು ಕ್ಯಾಲೊರಿ ತಿನ್ನಬೇಕು. ಆಟ ಆಡದ ತಾಯಿಗೆ ಸಾಕಾಗುವ ಊಟ ಓಡುವ ಮಗಳಿಗೆ ಸಾಲದು ಎಂಬುದು ಇದರ ಅರ್ಥ.

ಈ ಕೊರತೆ ಪರಿಣಾಮ ಬೀರಲು ವರ್ಷಗಳು ಬೇಕಾಗಿಲ್ಲ. ಅಮೆರಿಕದ ವಿಜ್ಞಾನಿ ಆನ್ ಲೌಕ್ಸ್ ಮತ್ತು ಅವರ ಸಹೋದ್ಯೋಗಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೋಗ್ಯವಂತ ಯುವತಿಯರಿಗೆ ಐದೇ ದಿನ ಹೀಗೆ ಶಕ್ತಿ ಕಡಿಮೆ ಮಾಡಿದಾಗ, ಮುಟ್ಟನ್ನು ನಿಯಂತ್ರಿಸುವ ಹಾರ್ಮೋನಿನ ಲಯ ತಪ್ಪಿದ್ದು ಕಂಡುಬಂತು. ಐದೇ ದಿನ!

ಮುಟ್ಟಿಗೂ ಮೂಳೆಗೂ ಏನು ಸಂಬಂಧ?

ಊಟ ಸಾಲದಾದಾಗ ಮಿದುಳು ಒಂದು ತೀರ್ಮಾನ ಮಾಡುತ್ತದೆ. ಈಗ ಕಷ್ಟಕಾಲ, ಜೀವ ಉಳಿಸುವ ಕೆಲಸ ಮಾತ್ರ ನಡೆಯಲಿ, ಉಳಿದದ್ದು ನಿಲ್ಲಲಿ ಎಂದು. ಮಿದುಳಿನಿಂದ ಅಂಡಾಶಯಕ್ಕೆ ಹೋಗುವ ಸಂದೇಶ ಕ್ಷೀಣಿಸುತ್ತದೆ. ಈಸ್ಟ್ರೊಜನ್ ಎಂಬ ಹಾರ್ಮೋನು ಕಡಿಮೆಯಾಗುತ್ತದೆ. ಮುಟ್ಟು ತಡವಾಗುತ್ತದೆ, ಆಮೇಲೆ ನಿಲ್ಲುತ್ತದೆ. ಇದೇ ಈಸ್ಟ್ರೊಜನ್ ಮೂಳೆಯ ಕಾವಲುಗಾರ. ಕಾವಲುಗಾರ ಇಲ್ಲದ ಮನೆಯಲ್ಲಿ ಏನಾಗುತ್ತದೆಂದು ಹೇಳಬೇಕಾಗಿಲ್ಲ. ವಯಸ್ಸಾದ ಹೆಂಗಸರಿಗೆ ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾಗುವುದು ಇದೇ ಕಾರಣದಿಂದ. ಅದೇ ಸ್ಥಿತಿ ಹದಿನಾರನೇ ವಯಸ್ಸಿಗೆ ಬಂದರೆ?

ಉಷಾ ಲಾಸ್ ಏಂಜಲೀಸಿನಲ್ಲಿ ಓಡಿದ ಅದೇ 1984ರಲ್ಲಿ, ಬಾರ್ಬರಾ ಡ್ರಿಂಕ್‌ವಾಟರ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಮುಟ್ಟು ನಿಂತಿದ್ದ 14 ಮಂದಿ ಕ್ರೀಡಾಪಟುಗಳನ್ನೂ, ಸರಿಯಾಗಿ ಆಗುತ್ತಿದ್ದ 14 ಮಂದಿಯನ್ನೂ ಹೋಲಿಸಿ ನೋಡಿದರು. ಮುಟ್ಟು ನಿಂತವರ ಸರಾಸರಿ ವಯಸ್ಸು ಸುಮಾರು 25. ಅವರ ಬೆನ್ನುಮೂಳೆಯ ಸಾಂದ್ರತೆ ಮಾತ್ರ ಐವತ್ತು ದಾಟಿದ ಹೆಂಗಸರಂತಿತ್ತು. ಮುಟ್ಟು ಮರಳಿದ ಮೇಲೆ ಮೂಳೆ ಸ್ವಲ್ಪ ಚೇತರಿಸಿಕೊಳ್ಳುತ್ತದೆ, ಆದರೆ ಕಳೆದುಹೋದದ್ದು ಪೂರ್ತಿ ಸಿಗುವುದಿಲ್ಲ ಎಂಬುದೂ ನಂತರದ ವರ್ಷಗಳಲ್ಲಿ ತಿಳಿದುಬಂತು.

ಮೂಳೆ ಒಂದು ಬ್ಯಾಂಕ್ ಖಾತೆಯಂತೆ. ಹಣ ಜಮೆ ಮಾಡುವ ಅವಕಾಶ ಇರುವುದು ಎಳೆಯ ವಯಸ್ಸಿನಲ್ಲಿ. ದೊಡ್ಡವರಾದಾಗ ಇರುವ ಮೂಳೆಯಲ್ಲಿ ಸುಮಾರು ಕಾಲು ಭಾಗ ಜಮೆಯಾಗುವುದು ವೇಗವಾಗಿ ಬೆಳೆಯುವ ಆ ಎರಡು ವರ್ಷಗಳಲ್ಲಿ. ಹದಿನೆಂಟು ಇಪ್ಪತ್ತರ ಹೊತ್ತಿಗೆ ಶೇಕಡಾ 90ರಷ್ಟು ಜಮೆ ಮುಗಿದಿರುತ್ತದೆ. ಅದರ ನಂತರ ಜಮೆಯಾಗುವುದು ಸ್ವಲ್ಪ ಮಾತ್ರ, ಆಮೇಲೆ ತೆಗೆದು ಖರ್ಚು ಮಾಡುವುದೇ. ಹಾಗಾಗಿ ಹೈಸ್ಕೂಲು, ಪ್ಲಸ್ ಟು ಓದುವ ಹುಡುಗಿಯ ಮುಟ್ಟು ಒಂದು ವರ್ಷ ನಿಂತರೆ, ಅದು ಅವಳ ಅರವತ್ತನೇ ವಯಸ್ಸಿನ ಸೊಂಟದ ಮೂಳೆಯ ಪ್ರಶ್ನೆ.

ತೆಳ್ಳಗಾದರೆ ವೇಗ ಎಂಬ ಭ್ರಮೆ

ಮೇರಿ ಕೇನ್ ಎಂಬ ಅಮೆರಿಕದ ಓಟಗಾರ್ತಿ 2013ರಲ್ಲಿ ಮಾಸ್ಕೋದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 1500 ಮೀಟರ್ ಫೈನಲ್ ಓಡಿದಾಗ ಆಕೆಗೆ ಕೇವಲ 17 ವರ್ಷ. ಅದೇ ವರ್ಷ ಹೆಸರಾಂತ ತರಬೇತಿ ತಂಡವೊಂದನ್ನು ಸೇರಿದರು. ತನ್ನ ಅನುಭವವನ್ನು ಆಕೆ 2019ರ ನವೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮೂಲಕ ಬಹಿರಂಗವಾಗಿ ಹೇಳಿದರು. ಇನ್ನೂ ತೆಳ್ಳಗಾಗು ಎಂದು ಒತ್ತಾಯಿಸುತ್ತಿದ್ದರು, ಜೊತೆಯವರ ಮುಂದೆಯೇ ತೂಕ ನೋಡುತ್ತಿದ್ದರು, ಮೂರು ವರ್ಷ ಮುಟ್ಟು ನಿಂತುಹೋಯಿತು, ಐದು ಮೂಳೆಗಳು ಮುರಿದವು, ಬದುಕೇ ಬೇಡ ಎನಿಸಿತು ಎಂದರು. ತರಬೇತುದಾರರು ಆಕೆಯ ಹಲವು ಆರೋಪಗಳನ್ನು ಒಪ್ಪಲಿಲ್ಲ. ಆದರೆ ಆಕೆ ಬಾಯಿ ಬಿಟ್ಟ ನಂತರ ಇನ್ನೂ ಅನೇಕ ಓಟಗಾರ್ತಿಯರು ತಮ್ಮದೂ ಇದೇ ಕಥೆ ಎಂದು ಮುಂದೆ ಬಂದರು.

ಇದಕ್ಕೂ ದಾರುಣವಾದದ್ದು ಕ್ರಿಸ್ಟಿ ಹೆನ್ರಿಕ್ ಎಂಬ ಜಿಮ್ನಾಸ್ಟಿಕ್ಸ್ ಪಟುವಿನ ಕಥೆ. ತೀರ್ಪುಗಾರರೊಬ್ಬರು ಆಕೆಯ ತೂಕ ಹೆಚ್ಚಾಯಿತೆಂದು ಆಡಿದ ಒಂದು ಮಾತು ಮನಸ್ಸಿನಲ್ಲಿ ಉಳಿದು, ಊಟವೇ ಶತ್ರುವಾಯಿತು. ಅನೊರೆಕ್ಸಿಯಾ ಎಂಬ ಆಹಾರ ಸಂಬಂಧಿ ಮನೋರೋಗಕ್ಕೆ ತುತ್ತಾಗಿ 1994ರ ಜುಲೈ 26ರಂದು, 22ನೇ ವಯಸ್ಸಿನಲ್ಲಿ, ಅಂಗಾಂಗಗಳು ಸೋತು ತೀರಿಕೊಂಡರು. ನಾವು ತಮಾಷೆಗೆ "ಏನು, ದಪ್ಪ ಆಗಿದ್ದೀಯಲ್ಲ" ಎನ್ನುತ್ತೇವೆ. ಕೇಳುವ ಕಿವಿ ಯಾವ ವಯಸ್ಸಿನದು ಎಂಬುದನ್ನು ಮರೆಯಬಾರದು.

ತೂಕದ ವಿಭಾಗವಿರುವ ಆಟಗಳಲ್ಲಿ ಇನ್ನೊಂದು ಬಗೆಯ ಒತ್ತಡ. 2024ರ ಆಗಸ್ಟ್ 7ರ ಬೆಳಿಗ್ಗೆ ಪ್ಯಾರಿಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ ಅವರಿಗೆ ಆದದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದೆವು. 50 ಕಿಲೋ ವಿಭಾಗದ ಫೈನಲ್ ದಿನ 100 ಗ್ರಾಂ ಹೆಚ್ಚು. ರಾತ್ರಿಯಿಡೀ ಊಟ ನೀರು ಬಿಟ್ಟು ಬೆವರಿಳಿಸಿ, ಕೂದಲನ್ನೂ ಕತ್ತರಿಸಿದರೂ ಅಷ್ಟು ಇಳಿಯಲಿಲ್ಲ. ನಿರ್ಜಲೀಕರಣದಿಂದ ಬಳಲಿ ಚಿಕಿತ್ಸೆ ಪಡೆಯಬೇಕಾಯಿತು. ನಮ್ಮ ಮಕ್ಕಳು ಆಡುವ ಕಬಡ್ಡಿ, ಜೂಡೋ, ಟೇಕ್ವಾಂಡೋಗಳಲ್ಲಿಯೂ ತೂಕದ ಮಿತಿ ಇದೆ. ಅಷ್ಟೆಲ್ಲ ವೈದ್ಯರು ಜೊತೆಗಿದ್ದವರಿಗೇ ಹೀಗಾದರೆ, ಯಾರೂ ಜೊತೆಗಿಲ್ಲದೆ ಎರಡು ದಿನ ಊಟ ಬಿಡುವ ನಮ್ಮ ಹುಡುಗಿಯ ಗತಿ ಏನು? ಬೆಳೆಯುವ ಮಕ್ಕಳು ತೂಕ ಇಳಿಸಿ ಕೆಳಗಿನ ವಿಭಾಗದಲ್ಲಿ ಆಡುವ ಬದಲು ಇರುವ ತೂಕದಲ್ಲೇ ಆಡಲಿ.

ನಮ್ಮ ಮನೆಗಳಲ್ಲಿ ಆಗುವುದೇನು?

ಹೊರದೇಶದ ಕಥೆಗಳನ್ನು ಓದಿ, ಇದು ತೆಳ್ಳಗಾಗುವ ಹುಚ್ಚಿನವರ ರೋಗ ಎಂದು ತಿಳಿದರೆ ತಪ್ಪಾಗುತ್ತದೆ. ನಮ್ಮಲ್ಲಿ ಬಹಳಷ್ಟು ಹುಡುಗಿಯರು ಬೇಕೆಂದು ಊಟ ಬಿಡುವುದಿಲ್ಲ. ಅದು ತಪ್ಪಿಹೋಗುತ್ತದೆ. ಬೆಳಿಗ್ಗೆ ಬಸ್ಸು ಹಿಡಿಯುವ ಅವಸರ. ಅಭ್ಯಾಸ ಮುಗಿದು ತರಗತಿಗೆ ಹೋಗುವ ಮೊದಲು ತಿನ್ನಲು ಸಮಯವಿಲ್ಲ. ಸಂಜೆ ಮನೆಗೆ ಬರುವಾಗ ಎಂಟು ಗಂಟೆ. ಹೆಚ್ಚು ದಣಿದಾಗ ಹಸಿವೆಯೂ ಸರಿಯಾಗಿ ಆಗುವುದಿಲ್ಲ. ಮೀನಿನ ದೊಡ್ಡ ತುಂಡು ತಂದೆಗೆ, ಎರಡನೆಯದು ಅಣ್ಣನಿಗೆ ಎಂಬ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಹೋಗಿಲ್ಲ. ಅಣ್ಣ ಮೊಬೈಲ್ ಹಿಡಿದು ಕುಳಿತಿರುತ್ತಾನೆ, ತಂಗಿ ಆರು ಕಿಲೋಮೀಟರ್ ಓಡಿ ಬಂದಿರುತ್ತಾಳೆ!

ಇದರ ಜೊತೆಗೆ ರಕ್ತಹೀನತೆ. 2019ರಿಂದ 21ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59 ಮಂದಿಗೆ ರಕ್ತಹೀನತೆ ಇದೆ. ಮೊದಲೇ ಬಡವಾದ ಖಾತೆಯಿಂದ ನಾವು ಇನ್ನಷ್ಟು ಖರ್ಚು ಮಾಡಿಸುತ್ತಿದ್ದೇವೆ.

ಗ್ರೇಸ್ ಮಾರ್ಕು, ಸ್ಪೋರ್ಟ್ಸ್ ಕೋಟಾ, ಮುಂದೆ ಒಂದು ನೌಕರಿ ಎಂಬ ಆಸೆ ಹೆತ್ತವರಿಗೆ ಇರುವುದು ಸಹಜ. ಅದು ತಪ್ಪಲ್ಲ. ಆದರೆ ಗಡಿನಾಡಿನ ನಮ್ಮ ಕನ್ನಡ ಮಕ್ಕಳಿಗೆ ಇಂಥ ತಿಳಿವಳಿಕೆ ಅವರ ಭಾಷೆಯಲ್ಲಿ ಸಿಗುವುದು ಕಡಿಮೆ. ಸಿಕ್ಕಿದರೂ ಮುಟ್ಟಿನ ವಿಷಯ ಬಂದಾಗ ಮಾತು ಅಲ್ಲಿಗೇ ನಿಲ್ಲುತ್ತದೆ. ಹುಡುಗಿ ತರಬೇತುದಾರರಿಗೆ ಹೇಳುವುದಿಲ್ಲ, ತಾಯಿಗೂ ಹೇಳುವುದಿಲ್ಲ. ಆ ಏಳು ತಿಂಗಳ ಮೌನಕ್ಕೆ ನಾವೆಲ್ಲರೂ ಹೊಣೆಗಾರರು.

ಗಮನಿಸಬೇಕಾದ ಸೂಚನೆಗಳು

ಆಟವಾಡುವ ಮಗಳಿರುವ ಮನೆಯವರು ಈ ಕೆಳಗಿನವುಗಳ ಮೇಲೆ ಕಣ್ಣಿಡಬೇಕು:

1. ಹದಿನೈದು ತುಂಬಿದರೂ ಮೊದಲ ಮುಟ್ಟು ಆಗದಿರುವುದು. ಆಗುತ್ತಿದ್ದುದು ಮೂರು ತಿಂಗಳು ಆಗದಿರುವುದು. ವರ್ಷಗಳಿಂದ ಸರಿಯಾಗಿದ್ದದ್ದು ಈಗ ಮೇಲಿಂದ ಮೇಲೆ ತಡವಾಗುವುದು.
2. ಮೂಳೆಯ ಒಂದೇ ಜಾಗದಲ್ಲಿ, ಬೆರಳಿಟ್ಟು ತೋರಿಸಬಹುದಾದ ನೋವು. ವಿಶ್ರಾಂತಿಯಲ್ಲಿ, ರಾತ್ರಿಯಲ್ಲಿ ಕೂಡ ನೋವು. ಮೊದಲೊಮ್ಮೆ ಮೂಳೆ ಬಿರಿದ ಇತಿಹಾಸ. ತೊಡೆಸಂದಿಯಲ್ಲಿ ನೋವಿದ್ದರೆ ಒಂದು ದಿನವೂ ಓಡಿಸಬಾರದು. ಅಲ್ಲಿಯ ಬಿರುಕು ಪೂರ್ತಿ ಮುರಿತವಾಗಬಹುದು.
3. ಹೆಚ್ಚು ಅಭ್ಯಾಸ ಮಾಡಿದರೂ ಸಮಯ ಸುಧಾರಿಸದಿರುವುದು, ಯಾವಾಗಲೂ ದಣಿವು, ಪದೇ ಪದೇ ಶೀತ ಜ್ವರ.
4. ಎಲ್ಲರಿಗೂ ಸೆಕೆಯಾಗುವಾಗ ಅವಳಿಗೆ ಚಳಿ, ತಲೆ ಸುತ್ತು, ಮಲಬದ್ಧತೆ, ಕೂದಲು ಉದುರುವುದು.
5. ಎಲ್ಲರ ಜೊತೆ ಊಟಕ್ಕೆ ಕೂರದಿರುವುದು, ಆಗಲೇ ತಿಂದೆ ಎನ್ನುವುದು, ಉಂಡ ಕೂಡಲೇ ಬಚ್ಚಲಿಗೆ ಹೋಗಿ ವಾಂತಿ ಮಾಡುವುದು, ದಿನಕ್ಕೆ ನಾಲ್ಕು ಸಲ ತೂಕ ನೋಡುವುದು.
6. ಒಂದು ದಿನ ಅಭ್ಯಾಸ ತಪ್ಪಿದರೂ ಚಡಪಡಿಸುವುದು, ಸಿಡುಕು, ಅಳು, ಓದಿನಲ್ಲಿ ಮನಸ್ಸಿಲ್ಲದಿರುವುದು.

ತೂಕ ಇಳಿಯದಿದ್ದರೆ ತೊಂದರೆ ಇಲ್ಲ ಎಂದು ಭಾವಿಸಬಾರದು. ಶರೀರ ಖರ್ಚನ್ನು ಕಡಿತ ಮಾಡಿ ಹೊಂದಿಕೊಳ್ಳುವುದರಿಂದ ತೂಕ ಅಷ್ಟೇ ಇದ್ದು ಒಳಗೆ ಕೊರತೆ ಇರಬಹುದು.

ವೈದ್ಯರ ಬಳಿ ಹೋದಾಗ

ಮುಟ್ಟು ನಿಲ್ಲಲು ಬೇರೆ ಕಾರಣಗಳೂ ಇವೆ. ಗರ್ಭಧಾರಣೆ, ಥೈರಾಯ್ಡ್, ಪಿಸಿಓಡಿ ಮುಂತಾದವುಗಳನ್ನು ವೈದ್ಯರು ಮೊದಲು ಪರೀಕ್ಷಿಸುತ್ತಾರೆ. ಅದಕ್ಕೆ ಮುನಿಸಿಕೊಳ್ಳಬಾರದು. ಮಗಳು ದಿನಕ್ಕೆ ಎಷ್ಟು ಹೊತ್ತು ಅಭ್ಯಾಸ ಮಾಡುತ್ತಾಳೆ, ಏನು ತಿನ್ನುತ್ತಾಳೆ ಎಂಬುದನ್ನು ನೀವಾಗಿಯೇ ಹೇಳಿ. ಆರಂಭದ ವಾರಗಳಲ್ಲಿ ಮೂಳೆಯ ಬಿರುಕು ಎಕ್ಸ್‌ರೇಯಲ್ಲಿ ಕಾಣದೆ ಇರಬಹುದು. ಎಕ್ಸ್‌ರೇ ಸರಿಯಿದೆ ಎಂದು ನೋವಿನ ಮಾತ್ರೆ ನುಂಗಿಸಿ ಓಡಿಸಬೇಡಿ.

ಇನ್ನೊಂದು ಮುಖ್ಯ ಮಾತು. ಮುಟ್ಟು ಬರಿಸುವ ಹಾರ್ಮೋನ್ ಮಾತ್ರೆ ತಿಂದರೆ ಸ್ರಾವವಾಗುತ್ತದೆ. ಅದನ್ನು ನೋಡಿ ಎಲ್ಲ ಸರಿಯಾಯಿತು ಎಂದುಕೊಳ್ಳುತ್ತೇವೆ. ಆದರೆ ಅದು ಮಾತ್ರೆಯಿಂದ ಬಂದ ಸ್ರಾವವೇ ಹೊರತು ಶರೀರ ಚೇತರಿಸಿಕೊಂಡದ್ದರ ಲಕ್ಷಣವಲ್ಲ. ಮೂಳೆಯ ನಷ್ಟವನ್ನು ಅದು ತುಂಬಿಕೊಡುವುದಿಲ್ಲ. ನಿಜವಾದ ಮದ್ದು ಅಡುಗೆಮನೆಯಲ್ಲಿದೆ: ಹೆಚ್ಚು ಊಟ, ಕಡಿಮೆ ಓಟ. ದಿನದ ಆಹಾರವನ್ನು 300ರಿಂದ 600 ಕ್ಯಾಲೊರಿಯಷ್ಟು ಹೆಚ್ಚಿಸುವುದು ತಜ್ಞರು ಸಾಮಾನ್ಯವಾಗಿ ಕೊಡುವ ಸಲಹೆ. ಮುಟ್ಟು ಮರಳಲು ತಿಂಗಳುಗಳು, ಕೆಲವೊಮ್ಮೆ ವರ್ಷಕ್ಕೂ ಹೆಚ್ಚು ಬೇಕಾಗಬಹುದು. ತಾಳ್ಮೆ ಬೇಕು. ಊಟವನ್ನು ಕಂಡರೆ ಭಯ ಎನ್ನುವ ಸ್ಥಿತಿಗೆ ಮಗಳು ಮುಟ್ಟಿದ್ದರೆ ಬೈದು ತಿನ್ನಿಸಲು ಹೋಗಬೇಡಿ. ಅದು ಹಟವಲ್ಲ, ಕಾಯಿಲೆ. ಮನೋವೈದ್ಯರ ಸಹಾಯ ಪಡೆಯುವುದರಲ್ಲಿ ನಾಚಿಕೆ ಏನೂ ಇಲ್ಲ.

ತಟ್ಟೆಯಲ್ಲಿ ಏನಿರಲಿ?

ದುಬಾರಿ ಪೌಡರ್ ಡಬ್ಬಗಳ ಅಗತ್ಯವಿಲ್ಲ. ನಮ್ಮ ಕರಾವಳಿಯ ಅಡುಗೆಯಲ್ಲೇ ಎಲ್ಲ ಇದೆ. ಮೈದಾನಕ್ಕೆ ಹೊರಡುವ ಮೊದಲು ಒಂದು ಬಾಳೆಹಣ್ಣು ಅಥವಾ ಬೆಲ್ಲ ಹಾಕಿದ ಅವಲಕ್ಕಿ. ಅಭ್ಯಾಸ ಮುಗಿದ ಅರ್ಧ ಮುಕ್ಕಾಲು ಗಂಟೆಯೊಳಗೆ ಬೇಯಿಸಿದ ಮೊಟ್ಟೆ ಮತ್ತು ದೋಸೆ, ಅಥವಾ ಪುಟ್ಟು ಕಡಲೆ, ಜೊತೆಗೆ ಹಾಲು. ಇದನ್ನು ಡಬ್ಬಿಯಲ್ಲಿ ಕಳಿಸಿದರೆ ತರಗತಿಗೆ ಮೊದಲು ಹತ್ತು ನಿಮಿಷದಲ್ಲಿ ತಿನ್ನಬಹುದು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ಹೊಟ್ಟೆ ತುಂಬ, ಬೇಳೆ ಅಥವಾ ಹೆಸರುಕಾಳು, ಬಸಳೆ ನುಗ್ಗೆ ಸೊಪ್ಪಿನ ಪದಾರ್ಥ, ಮೀನು. ಸಂಜೆ ನೆಲಗಡಲೆ ಬೆಲ್ಲ, ನೇಂದ್ರ ಬಾಳೆ. ರಾತ್ರಿ ಅನ್ನ ಬಿಡಲೇಬಾರದು.

ಮೂಳೆಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ 250ರಷ್ಟು ಸಿಗುತ್ತದೆ. ಮುಳ್ಳು ಸಮೇತ ತಿನ್ನುವ ಸಣ್ಣ ಬೂತಾಯಿ, ಎಳ್ಳು ಕೂಡ ಒಳ್ಳೆಯವು. ಆದರೆ ಒಟ್ಟು ಊಟ ಸಾಲದಿದ್ದರೆ ಕ್ಯಾಲ್ಸಿಯಂ ಮಾತ್ರೆ ಎಷ್ಟು ನುಂಗಿದರೂ ಪ್ರಯೋಜನ ಕಡಿಮೆ. ವಾರಕ್ಕೆ ಒಂದು ದಿನವಾದರೂ ಪೂರ್ತಿ ವಿಶ್ರಾಂತಿ, ರಾತ್ರಿ ಎಂಟು ಗಂಟೆ ನಿದ್ದೆ ಇರಲಿ.

ಉಪವಾಸದ ಬಗ್ಗೆಯೂ ಒಂದು ಮಾತು. ತಪಸ್ಸುಕಾಲದಲ್ಲಿ ಹುರುಪಿನಿಂದ ಊಟ ಬಿಡುವ ಹುಡುಗಿಯರನ್ನು ಕಂಡಿದ್ದೇನೆ. ಧರ್ಮಸಭೆಯ ನಿಯಮದ ಪ್ರಕಾರ ಉಪವಾಸದ ಕಟ್ಟಳೆ ಇರುವುದು 18 ವರ್ಷ ತುಂಬಿದವರಿಗೆ. ಕಾಯಿಲೆಯವರಿಗೆ ಅದೂ ಇಲ್ಲ. ಪಂದ್ಯಕ್ಕೆ ಅಭ್ಯಾಸ ಮಾಡುತ್ತಿರುವ ಶಾಲಾ ಹುಡುಗಿ ಊಟ ಬಿಡುವ ಬದಲು ಮೊಬೈಲ್ ಬಿಡಲಿ. ಅದೇ ಹೆಚ್ಚು ಕಷ್ಟದ ತಪಸ್ಸು!

ಆಟ ಬಿಡಿಸಬೇಡಿ

ಇದನ್ನೆಲ್ಲ ಓದಿ ಹೆದರಿ, ನಾಳೆಯಿಂದ ಮೈದಾನಕ್ಕೆ ಹೋಗುವುದು ಬೇಡ ಎಂದು ಯಾರಾದರೂ ಮಗಳಿಗೆ ಹೇಳಿದರೆ ನನ್ನ ಬರಹ ಸೋತಂತೆ. ಓಟ, ಜಿಗಿತ, ಆಟಗಳಿಂದಲೇ ಮೂಳೆ ಗಟ್ಟಿಯಾಗುವುದು. ಧೈರ್ಯ, ಶಿಸ್ತು, ಗೆಳೆತನ ಬರುವುದೂ ಅಲ್ಲಿಯೇ. ನಮ್ಮ ಹೆಣ್ಣುಮಕ್ಕಳು ಇನ್ನೂ ಹೆಚ್ಚು ಆಡಬೇಕು. ಆಟ ಹೆಚ್ಚಾದಷ್ಟು ಊಟವೂ ಹೆಚ್ಚಾಗಬೇಕು, ಅಷ್ಟೇ. 'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆಯನ್ನು ಕಡಿಮೆ ಉಣ್ಣು ಎಂಬ ಅರ್ಥದಲ್ಲಿ ಹೇಳಿ ನಮಗೆ ರೂಢಿ. ಓಡುವ ಹುಡುಗಿಯ ವಿಷಯದಲ್ಲಿ ಊಟ ಬಲ್ಲವಳು ಎಂದರೆ ಸಾಕಷ್ಟು ಉಣ್ಣಬಲ್ಲವಳು.

ತರಬೇತುದಾರರಲ್ಲೂ ಪಿ.ಟಿ. ಮಾಸ್ತರರಲ್ಲೂ ನನ್ನ ವಿನಂತಿ ಇಷ್ಟೇ. ಮಕ್ಕಳ ತೂಕವನ್ನು ಎಲ್ಲರೆದುರು ಹೇಳಬೇಡಿ. ಸಮಯ ಬರೆದಿಡುವ ಪುಸ್ತಕದ ಪಕ್ಕದಲ್ಲಿ ಮುಟ್ಟಿನ ದಿನವನ್ನು ಅವರೇ ಬರೆದಿಟ್ಟುಕೊಳ್ಳುವಂತೆ, ತಪ್ಪಿದರೆ ಒಬ್ಬ ಟೀಚರಿಗೆ ಹೇಳುವಂತೆ ಏರ್ಪಾಡು ಮಾಡಿ.

ನಾನು ಹೇಳಿದ ಆ ಹುಡುಗಿಗೆ ಮೂರು ತಿಂಗಳು ಓಟ ನಿಂತಿತು. ಮೊದಲ ವಾರಗಳಲ್ಲಿ ಮನೆಯಲ್ಲಿ ಬರೀ ಅಳು. ಮೀಟಿನ ದಿನ ಕೋಣೆಯಿಂದ ಹೊರಗೆ ಬರಲಿಲ್ಲವಂತೆ. ತಂದೆ ಬೈಯಲಿಲ್ಲ. ಪ್ರತಿದಿನ ಬೆಳಿಗ್ಗೆ ತಾನೇ ಎರಡು ಮೊಟ್ಟೆ ಬೇಯಿಸಿ ಮಗಳ ಎದುರಿಗಿಟ್ಟು, ಅವಳು ತಿನ್ನುವವರೆಗೆ ಜೊತೆಯಲ್ಲಿ ಕುಳಿತರಂತೆ. ಒಂಬತ್ತನೇ ತಿಂಗಳಲ್ಲಿ ಮುಟ್ಟು ಮರಳಿತು. "ಫಾದರ್, ಅವಳು ಬಂದು ಅಮ್ಮನಿಗಿಂತ ಮೊದಲು ಅಪ್ಪನಿಗೆ ಹೇಳಿದಳಂತೆ" ಎಂದು ಸಿಸ್ಟರ್ ನಗುತ್ತಾ ಹೇಳಿದರು. ಈಗ ಅವಳು ಮತ್ತೆ ಓಡುತ್ತಿದ್ದಾಳೆ. ಹಳೆಯ ಸಮಯಕ್ಕೆ ಇನ್ನೂ ತಲುಪಿಲ್ಲ. ತಲುಪಲಿ, ತಲುಪದಿರಲಿ, ಅವಳ ಕಾಲು ಗಟ್ಟಿಯಾಗಿದೆ.

ಈ ರಾತ್ರಿ ಊಟಕ್ಕೆ ಕುಳಿತಾಗ ತಂದೆಯರೇ, ತಾಯಂದಿರೇ, ಒಮ್ಮೆ ಮಗಳ ತಟ್ಟೆಯ ಕಡೆಗೆ ನೋಡಿ. ಬೇಡ ಎಂದರೂ ಇನ್ನೊಂದು ಸೌಟು ಅನ್ನ ಬಡಿಸಿ. ಆಮೇಲೆ, ಯಾರೂ ಇಲ್ಲದ ಹೊತ್ತಿನಲ್ಲಿ, ತಾಯಿ ಆ ಒಂದು ಪ್ರಶ್ನೆಯನ್ನು ಮೆತ್ತಗೆ ಕೇಳಲಿ.